ಪದಚರ್ಚೆ: ‘ಸಂಕಟ’, ‘ಖಿನ್ನತೆ’, ಮತ್ತು ಚೀನೀ ವೈದ್ಯದ ‘ಯು’

ದಾವಣಗೆರೆಯಲ್ಲಿ ಕ್ಯಾನ್ಸರ್‌ ಚಿಕಿತ್ಸೆ ಪಡೆಯುತ್ತಿರುವ ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಲೆಂದು, ಚೀನಾದ ಪಾರಂಪರಿಕ ವೈದ್ಯ, ಕರುಳಿನ ಬ್ಯಾಕ್ಟೀರಿಯಾ ಮತ್ತು ಖಿನ್ನತೆಯ ನಂಟನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ಬಲ್ಲವರ ನೆರವು ಬೇಕಾಗಿದೆ.

ಚಿಕ್ಕಮ್ಮ ‘ಖಿನ್ನತೆ’ ಎಂದು ಎಂದೂ ಹೇಳಿದವರಲ್ಲ. ಅವರು ಹೇಳುವುದು ‘ಹೊಟ್ಟ್ಯಾಗ ಸಂಕಟ ಆಗ್ತೈತಿ’ ಎಂದು. ನಮ್ಮ ಕಡೆ ‘ಸಂಕಟ’ವೆಂದರೆ ವಾಕರಿಕೆಯೂ ಹೌದು, ಮನಸ್ಸಿನ ನೋವೂ ಹೌದು, ಕೀಮೋಥೆರಪಿ ನಡೆಯುವಾಗ ಎರಡೂ ಒಟ್ಟಿಗೇ ಇರಬಹುದು. ಹಸಿವಿಲ್ಲದಿರುವುದು, ನಿದ್ರೆ ಬಾರದಿರುವುದು, ದಣಿವು ಇವೆಲ್ಲ ರೋಗದಿಂದಲೂ ಚಿಕಿತ್ಸೆಯಿಂದಲೂ ಖಿನ್ನತೆಯಿಂದಲೂ ಬರುವಂಥವಾದ್ದರಿಂದ, ಪದ ಇಬ್ಬಗೆಯಾದರೆ ಮನಸ್ಸಿನ ಕಾಯಿಲೆ ಗಮನಕ್ಕೆ ಬಾರದೇ ಹೋಗುವ ಅಪಾಯವಿದೆ. ಆದ್ದರಿಂದ ಕಾಯಿಲೆಯ ಹೆಸರಾಗಿ ‘ಖಿನ್ನತೆ’ಯನ್ನೇ ಉಳಿಸಿ, ಮೊದಲ ಸಲ ಬಂದಾಗ ‘ಮನಸ್ಸು ಕುಗ್ಗುವುದು’ ಎಂದು ಬಿಡಿಸಿ ಹೇಳಿದ್ದೇನೆ. ‘ಖಿನ್ನ’ದ ಮೂಲವಾದ ಸಂಸ್ಕೃತದ ‘ಖಿದ್’ ಧಾತುವಿನಲ್ಲಿಯೂ ಒತ್ತಿಹಾಕುವ ಅರ್ಥವಿರುವುದರಿಂದ ಈ ಜೋಡಿ ನನಗೆ ಸರಿಯೆನಿಸಿದೆ.

ಬ್ಯಾಕ್ಟೀರಿಯಾಕ್ಕೆ ‘ಕ್ರಿಮಿ’ ಎಂದು ಬರೆದೆ. ಚಿಕ್ಕಮ್ಮ ಜಂತುಹುಳವೆಂದು ತಿಳಿದು ಮಾತ್ರೆ ಕೇಳಿದರು. ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುವ ಈ ಜೀವಿಗಳು ನಮಗೆ ಬೇಕಾದವು. ಕೀಮೋ ಮತ್ತು ಆಂಟಿಬಯಾಟಿಕ್‌ಗಳಿಂದ ಏರುಪೇರಾಗುವುದು ಇವುಗಳ ಸಮತೋಲನವೇ. ‘ಮೊಸರಿನ ಹೆಪ್ಪಿನಲ್ಲಿರುವಂಥ ಜೀವಿಗಳು’ ಎಂದ ಮೇಲೆ ಅವರಿಗೆ ತಿಳಿಯಿತು. ಮನಸ್ಸಿನ ಸ್ಥಿತಿಗೂ ನಂಟಿರುವ ರಾಸಾಯನಿಕವಾದ ಸೆರೊಟೋನಿನ್‌ನಲ್ಲಿ, ದೇಹದಲ್ಲಿರುವುದರ ಸುಮಾರು 90 ಪ್ರತಿಶತ ಕರುಳಿನಲ್ಲಿಯೇ ತಯಾರಾದರೂ ಅದು ನೇರವಾಗಿ ಮಿದುಳನ್ನು ಸೇರುವುದಿಲ್ಲ. ಕರುಳಿನ ಸುದ್ದಿ ಮಿದುಳಿಗೆ ತಲುಪುವುದು ಮಿದುಳಿನಿಂದ ಹೊಟ್ಟೆಯವರೆಗೆ ಹೋಗುವ ವೇಗಸ್ ನರ, ರೋಗನಿರೋಧಕ ವ್ಯವಸ್ಥೆ ಮುಂತಾದ ದಾರಿಗಳಿಂದ. ಇದಕ್ಕೆ ‘ಕರುಳು–ಮಿದುಳಿನ ನಂಟು’ ಸಾಕೆಂದುಕೊಂಡಿದ್ದೇನೆ. ‘ಕರುಳು ಚುರುಕ್ಕೆಂದಿತು’ ಎನ್ನುವ ಭಾಷೆಗೆ ಈ ವಿಚಾರ ಹೊಸದಲ್ಲ.

ನಿಜವಾದ ತೊಡಕು ಚೀನೀ ಪದದ್ದು. ಖಿನ್ನತೆಯ ಒಂದು ಬಗೆಯನ್ನು ಆ ವೈದ್ಯರು ‘ಗಾನ್ ಚೀ ಯು ಜಿಯೆ’ ಎನ್ನುತ್ತಾರೆ. ಅಕ್ಷರಶಃ ಯಕೃತ್ತಿನ (‘ಗಾನ್’) ‘ಚೀ’, ಅಂದರೆ ಆ ವೈದ್ಯದ ಪ್ರಕಾರ ದೇಹದಲ್ಲಿ ಹರಿಯುವ ಜೀವಶಕ್ತಿ, ಹರಿಯದೆ ಕಟ್ಟಿಕೊಂಡಿರುವುದು. ‘ಶಿಯಾವೋ ಯಾವೋ ಸಾನ್’ ಎಂಬ ಹಳೆಯ ಚೂರ್ಣವನ್ನು ಕೊಡುವುದು ಈ ಕಟ್ಟನ್ನು ಸಡಿಲಿಸಲೆಂದೇ. ಆ ಪದ್ಧತಿಯ ‘ಗಾನ್’ ನಮ್ಮ ಶರೀರಶಾಸ್ತ್ರದ ಯಕೃತ್ತಿಗೆ ಪೂರ್ತಿ ಸಮನಲ್ಲ. ‘ಯಕೃತ್ತಿನ ಕಟ್ಟು’ ಎಂದು ಬರೆದರೆ ಕ್ಯಾನ್ಸರ್ ರೋಗಿ ಗಡ್ಡೆ ಅಲ್ಲಿಗೂ ಹರಡಿತೆಂದು ಹೆದರಬಹುದು. ‘ಚೀ’ಯನ್ನು ಹಾಗೆಯೇ ಇಟ್ಟು ಗಟ್ಟಿಯಾಗಿ ಓದಿದರೆ ‘ಛೀ’ ಎಂದು ಕೇಳಿಸುತ್ತದೆ. ‘ವಾತ’ ಎಂದರೆ ಆಯುರ್ವೇದದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಹರಿಯದೆ ತಡೆದು ನಿಲ್ಲುವುದನ್ನು ಹೇಳುವ ‘ಯು’ಗೆ ಮಾತ್ರ ‘ಕಟ್ಟು’ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ನಂಬಿಕೆ. ದುಃಖದಲ್ಲಿ ಗಂಟಲು ಕಟ್ಟುತ್ತದೆ, ಉಸಿರು ಕಟ್ಟುತ್ತದೆ. ಚಿತ್ರದುರ್ಗ, ದಾವಣಗೆರೆ ಕಡೆಯ ಮಾತಿನಲ್ಲಿ ‘ಮನಸ್ಸು ಕಟ್ಟಿದೆ’ ಎಂಬ ಬಳಕೆಯನ್ನು ಯಾರಾದರೂ ಕೇಳಿದ್ದೀರಾ? ಗಾಬರಿ ಹುಟ್ಟಿಸದಂತೆ ‘ಗಾನ್ ಚೀ’ಯನ್ನು ಹೇಳುವ ಬಗೆಯನ್ನೂ ದಯವಿಟ್ಟು ತಿಳಿಸಿ.