ಮಗನ ಇಸುಬು, ಯಜಮಾನರ ಒಡೆದ ಕೈ: ರಾತ್ರಿಯ ತುರಿಕೆಗೆ ಏನು ಮಾಡಬೇಕು?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಾವು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರು. ನನ್ನ ಮಗನಿಗೆ ಈಗ ನಾಲ್ಕು ವರ್ಷ. ಎಂಟು ತಿಂಗಳ ಕೂಸಾಗಿದ್ದಾಗ ಕೆನ್ನೆಯ ಮೇಲೆ ಕಾಣಿಸಿಕೊಂಡ ಇಸುಬು (ಎಕ್ಸಿಮಾ) ಈಗ ಮೊಣಕೈಯ ಮಡಿಕೆಯಲ್ಲಿಯೂ ಮಂಡಿಯ ಹಿಂಭಾಗದಲ್ಲಿಯೂ ನೆಲೆನಿಂತಿದೆ. ಹಗಲಿನಲ್ಲಿ ಆಟದ ಗುಂಗಿನಲ್ಲಿ ಮರೆತಿರುತ್ತಾನೆ. ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾಗುತ್ತಿದ್ದಂತೆ ಕೆರೆದುಕೊಳ್ಳಲು ತೊಡಗುತ್ತಾನೆ, ಬೆಳಗ್ಗೆ ನೋಡಿದರೆ ಹಾಸಿಗೆಯ ಮೇಲೆ ರಕ್ತದ ಕಲೆಗಳಿರುತ್ತವೆ. ನಮ್ಮ ಯಜಮಾನರಿಗೂ ಅಡಿಕೆ ಸುಲಿತ ಆರಂಭವಾದರೆ ಬೆರಳುಗಳು ಒಡೆದು, ತುರಿಸಿ, ಊಟಕ್ಕೆ ಕೈ ಹಾಕಿದರೆ ಉರಿಯುತ್ತದೆ.

ಬೇವಿನ ಸೊಪ್ಪು ಹಾಕಿ ಕಾಯಿಸಿದ ಹಂಡೆಯ ನೀರಿನಲ್ಲಿ ಮಗುವಿಗೆ ಬಿಸಿಬಿಸಿಯಾಗಿ ಸ್ನಾನ ಮಾಡಿಸಿದ್ದೇನೆ, ಅರಿಶಿನ ಹಚ್ಚಿದ್ದೇನೆ. ನಂಜಾಗುತ್ತದೆಂದು ಅತ್ತೆಯವರು ಬದನೆ, ಹಲಸು, ಮೊಟ್ಟೆ ಬಿಡಿಸಿ, ಈಗ ಹಾಲನ್ನೂ ನಿಲ್ಲಿಸಿದ್ದಾರೆ. ಔಷಧದಂಗಡಿಯಲ್ಲಿ ಕೊಟ್ಟ ಮುಲಾಮು ಹಚ್ಚಿದರೆ ಎರಡು ದಿನಗಳಲ್ಲಿ ಇಳಿಯುತ್ತದೆ, ಬಿಟ್ಟರೆ ಮತ್ತೆ ಮೊದಲಿಗಿಂತ ಜೋರಾಗುತ್ತದೆ. ಅದರಲ್ಲಿ ಸ್ಟಿರಾಯ್ಡ್ ಇದೆಯೆಂದು ತಿಳಿದ ಮೇಲೆ ಹಚ್ಚಲು ಧೈರ್ಯ ಬರುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಾಗರದ ತಾಯಿ

ತಂಗೀ, ಹಾಸಿಗೆಯ ಮೇಲಿನ ಆ ರಕ್ತದ ಕಲೆಗಳನ್ನು ನಾನೂ ಮೂರು ವರ್ಷ ತೊಳೆದಿದ್ದೇನೆ. ನನ್ನ ಮಗಳಿಗೆ ಈಗ ಹನ್ನೊಂದು ವರ್ಷ, ಬಹುಮಟ್ಟಿಗೆ ಹತೋಟಿಯಲ್ಲಿದೆ. ನನಗೆ ತಡವಾಗಿ ಅರ್ಥವಾದದ್ದೆಂದರೆ, ನಾವು ಹಿತವೆಂದು ನಂಬಿದ್ದ ಹಂಡೆಯ ಸುಡುನೀರೇ ಅವಳ ಚರ್ಮವನ್ನು ದಿನದಿನವೂ ಒಣಗಿಸುತ್ತಿತ್ತು.

ಇಸುಬಿರುವ ಮಕ್ಕಳ ಚರ್ಮಕ್ಕೆ ನೀರಿನ ಅಂಶವನ್ನು ಒಳಗೆ ಹಿಡಿದಿಡುವ ಶಕ್ತಿ ಕಡಿಮೆ. ಚರ್ಮದ ಮೇಲ್ಪದರವನ್ನು ಗಟ್ಟಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನು ಇವರಲ್ಲಿ ಹಲವರಿಗೆ ಹುಟ್ಟಿನಿಂದಲೇ ಸಾಲದೆ ಇರುತ್ತದೆಂದು ವೈದ್ಯರು ನನಗೆ ವಿವರಿಸಿದರು. ಗಾರೆ ಕಿತ್ತುಹೋದ ಗೋಡೆಯ ಸಂದಿಗಳಲ್ಲಿ ಮಳೆನೀರು ನುಗ್ಗುವಂತೆ ಆ ಚರ್ಮದೊಳಕ್ಕೆ ಸೋಪು, ಧೂಳು, ಬೆವರು ಎಲ್ಲವೂ ಇಳಿದು ತುರಿಕೆಯನ್ನು ಎಬ್ಬಿಸುತ್ತವೆ. ಕೆರೆದಷ್ಟೂ ಮೇಲ್ಪದರ ಹರಿಯುತ್ತದೆ, ಹರಿದಷ್ಟೂ ತುರಿಕೆ ಹೆಚ್ಚುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ಆ ಗೋಡೆಗೆ ಗಾರೆ ಮೆತ್ತುವುದು.

ಸ್ನಾನ ನಿಲ್ಲಿಸಬೇಕಾಗಿಲ್ಲ. ನಿಮ್ಮ ಮೊಣಕೈ ಅದ್ದಿದರೆ ಬಿಸಿಯೆನಿಸದಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಬೇಡಿ. ಸುವಾಸನೆಯಿಲ್ಲದ ಸೌಮ್ಯವಾದ ಸೋಪನ್ನು ಕಂಕುಳು, ತೊಡೆಸಂದಿ, ಪಾದಗಳಿಗೆ ಮಾತ್ರ ಬಳಸಿ. ಮೈಯನ್ನು ತಿಕ್ಕದೆ ಹತ್ತಿಯ ಬಟ್ಟೆಯಿಂದ ಒತ್ತಿ, ಇನ್ನೂ ತೇವವಿರುವಾಗಲೇ, ಮೂರು ನಿಮಿಷದೊಳಗೆ ಮೈತುಂಬ ಪೆಟ್ರೋಲಿಯಂ ಜೆಲ್ಲಿಯನ್ನೋ ಸುವಾಸನೆಯಿಲ್ಲದ ದಪ್ಪ ಕ್ರೀಮನ್ನೋ ಹಚ್ಚಿ. ಕೆಂಪಾದ ಜಾಗಕ್ಕಷ್ಟೇ ಚೂರು ಸವರಿದರೆ ಪ್ರಯೋಜನವಿಲ್ಲ. ಮಗುವಿಗೂ ವಾರಕ್ಕೆ 250 ಗ್ರಾಂನಷ್ಟು ಬೇಕಾಗಬಹುದು ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಆದರೆ ಆ ಪ್ರಮಾಣದಲ್ಲಿ, ದಿನಕ್ಕೆ ಎರಡು ಮೂರು ಬಾರಿ ಹಚ್ಚಲಾರಂಭಿಸಿದ ಮೇಲೆಯೇ ಅವಳು ರಾತ್ರಿಯಿಡೀ ಮಲಗಿದ್ದು. ದುಬಾರಿ ಡಬ್ಬಿಯೇ ಬೇಕೆಂದೇನೂ ಇಲ್ಲ. ಒಡೆಯದ ಚರ್ಮಕ್ಕೆ ಶುದ್ಧ ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಅದಕ್ಕೆ ಕರ್ಪೂರ ಬೆರೆಸಬೇಡಿ.

ರಾತ್ರಿ ತುರಿಕೆ ಎದ್ದಾಗ ಕೆರೆಯಬೇಡವೆಂದು ಗದರಿಸಿದರೆ ಮಗು ಅಳುತ್ತದೆಯೇ ಹೊರತು ತುರಿಕೆ ನಿಲ್ಲುವುದಿಲ್ಲ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು ಆ ಜಾಗದ ಮೇಲೆ ಐದು ನಿಮಿಷ ಇಟ್ಟು, ಮತ್ತೆ ಜೆಲ್ಲಿ ಹಚ್ಚಿ. ಉಗುರು ಚಿಕ್ಕದಾಗಿರಲಿ. ಕಂಬಳಿ ನೇರವಾಗಿ ಮೈಗೆ ತಾಗದಂತೆ ಒಳಗೆ ಹಳೆಯ ಹತ್ತಿಸೀರೆಯ ಪದರವಿರಲಿ.

ಹಾಲು ಮತ್ತು ಮೊಟ್ಟೆಯ ವಿಷಯವನ್ನು ಅತ್ತೆಯವರಿಗೆ ನೋವಾಗದಂತೆ ವೈದ್ಯರ ಬಾಯಿಂದಲೇ ಹೇಳಿಸಿ. ಒಂದು ಆಹಾರ ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ವಾಂತಿಯಾಗುವುದು ಕಂಡಿದ್ದರೆ ಮಾತು ಬೇರೆ. ಅಂಥದ್ದೇನೂ ಇಲ್ಲದೆ ಬೆಳೆಯುವ ಮಗುವಿನ ಹಾಲನ್ನು ನಿಲ್ಲಿಸಿದರೆ ನಷ್ಟವಾಗುವುದು ಅವನ ಬೆಳವಣಿಗೆಗೆ.

ಇನ್ನೊಂದು ಮಾತು. ನನ್ನ ಮಗಳನ್ನು ಶಾಲೆಯಲ್ಲಿ ಕಜ್ಜಿಯೆಂದು ಬೇರೆ ಕೂರಿಸಿದ್ದರು. ಇಸುಬು ಅಂಟುರೋಗವಲ್ಲ. ಇದನ್ನು ವೈದ್ಯರ ಚೀಟಿಯಲ್ಲಿ ಬರೆಸಿಕೊಂಡು ಹೋಗಿ ತೋರಿಸಿದೆ.

ಉತ್ತರ 2: ಕೊಪ್ಪದ ಕೃಷಿಕ

ಯಜಮಾನರ ಕೈಯ ವಿಷಯವಾಗಿ ನನ್ನ ಅನುಭವ ಹೇಳುತ್ತೇನೆ. ಹಸಿ ಅಡಿಕೆಯ ಸಿಪ್ಪೆಯ ರಸ, ಬೇಯಿಸುವಾಗಿನ ಚೊಗರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ ಮತ್ತು ಮೈಲುತುತ್ತ, ಇವೆಲ್ಲವೂ ಕೈಯ ಚರ್ಮವನ್ನು ಕೆರಳಿಸುತ್ತವೆ. ಅದಕ್ಕಿಂತ ಹೆಚ್ಚಿನ ಹಾನಿಯನ್ನು ನಾನೇ ಮಾಡಿಕೊಳ್ಳುತ್ತಿದ್ದೆ. ಚೊಗರಿನ ಕಪ್ಪು ಹೋಗಲೆಂದು ದಿನಾ ಸಂಜೆ ಬಟ್ಟೆ ಒಗೆಯುವ ಸೋಪು ಹಾಕಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದೆ. ಕಪ್ಪು ಇರಲಿ, ಅದು ತಾನಾಗಿ ಹೋಗುತ್ತದೆ.

ಈಗ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ಮೊದಲೇ ಕೈಗೆ ಜೆಲ್ಲಿ ಹಚ್ಚಿ, ಹತ್ತಿಯ ಕೈಗವಸು ಹಾಕಿ, ಅದರ ಮೇಲೆ ರಬ್ಬರಿನದ್ದನ್ನು ಹಾಕುತ್ತೇನೆ. ರಬ್ಬರಿನದನ್ನಷ್ಟೇ ಹಾಕಿದರೆ ಒಳಗಿನ ಬೆವರಿಗೇ ತುರಿಕೆ ಏಳುತ್ತದೆ. ಹತ್ತಿಯದು ಒದ್ದೆಯಾದೊಡನೆ ಬದಲಾಯಿಸಬೇಕು, ಆದ್ದರಿಂದ ನಾಲ್ಕು ಜೊತೆ ಇಟ್ಟುಕೊಂಡಿದ್ದೇನೆ. ಉಂಗುರದ ಅಡಿಯಲ್ಲಿ ಸೋಪು ಉಳಿಯುವುದರಿಂದ ಸುಲಿತದ ಕಾಲದಲ್ಲಿ ಉಂಗುರ ತೆಗೆದಿಡುತ್ತೇನೆ. ಮಲಗುವ ಮುನ್ನ ದಪ್ಪಗೆ ಜೆಲ್ಲಿ ಬಳಿದು ಒಣ ಹತ್ತಿಗವಸು ಹಾಕಿ ಮಲಗಿದರೆ ಬಿರುಕುಗಳು ಬೇಗ ಕೂಡುತ್ತವೆ. ಸುಲಿತದ ವೇಗ ಮೊದಮೊದಲು ಕಡಿಮೆಯಾಯಿತು, ಆದರೆ ಒಂದೆರಡು ವಾರದಲ್ಲಿ ಕೈ ಒಗ್ಗಿಕೊಂಡಿತು.

ಉತ್ತರ 3: ಶಿವಮೊಗ್ಗದ ನಿವೃತ್ತ ಶುಶ್ರೂಷಕಿ

ಮುಲಾಮಿನ ಬಗ್ಗೆ ನಿಮಗಿರುವ ಭಯ ಸಹಜವಾದದ್ದು, ಆದರೆ ಅದರಲ್ಲಿ ಎರಡು ಸಂಗತಿಗಳು ಬೆರೆತಿವೆ. ಅಂಗಡಿಯಲ್ಲಿ ಕೊಟ್ಟದ್ದು ತೀಕ್ಷ್ಣ ಸ್ಟಿರಾಯ್ಡು, ಶಿಲೀಂಧ್ರದ ಔಷಧ, ಜೀವಿನಿರೋಧಕ (ಆಂಟಿಬಯೋಟಿಕ್) ಮೂರೂ ಬೆರೆತ ಮುಲಾಮಾಗಿರುವ ಸಂಭವ ಹೆಚ್ಚು. ಅದನ್ನು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾದವರನ್ನೂ, ಹುಳುಕಡ್ಡಿಯನ್ನು ಇಸುಬೆಂದು ತಿಳಿದು ಮೈತುಂಬ ಹಬ್ಬಿಸಿಕೊಂಡವರನ್ನೂ ನಾನು ಬಹಳ ನೋಡಿದ್ದೇನೆ. 2018ರಲ್ಲಿ ಕೇಂದ್ರ ಸರ್ಕಾರವು ಹಚ್ಚುವ ಸ್ಟಿರಾಯ್ಡುಗಳಲ್ಲಿ ಹಲವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಕೊಡುವ ರೂಢಿ ನಿಂತಿಲ್ಲ.

ಹಾಗೆಂದು ಸ್ಟಿರಾಯ್ಡನ್ನೇ ದೂರವಿಟ್ಟರೆ ಉರಿಯೂತ ಆರದೆ ಮಗು ನರಳುತ್ತದೆ. ವಯಸ್ಸಿಗೂ ಜಾಗಕ್ಕೂ ತಕ್ಕ ಬಲದ ಮುಲಾಮನ್ನು ವೈದ್ಯರು ಹೇಳಿದಷ್ಟು ದಿನ ಹಚ್ಚಿ ನಿಲ್ಲಿಸಿದರೆ ಹೆದರುವ ಕಾರಣವಿಲ್ಲ. ದೊಡ್ಡವರ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ಆಗುತ್ತದೆ, ಅದು ದೊಡ್ಡವರ ಎರಡು ಅಂಗೈ ಅಗಲದ ಚರ್ಮಕ್ಕೆ ಸಾಕು. ಮುಖಕ್ಕೆ, ಕಣ್ಣರೆಪ್ಪೆಗೆ ಸೌಮ್ಯವಾದದ್ದೇ ಆಗಬೇಕು. ಎರಡು ವರ್ಷ ದಾಟಿದ ಮಕ್ಕಳಿಗೆ ಸ್ಟಿರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ 0.03% ಮುಲಾಮೂ ಇದೆ. ನಿದ್ದೆ ಬರಿಸುವ ಅಲರ್ಜಿಯ ಸಿರಪ್ಪು ಕೆಲವು ರಾತ್ರಿ ಮಲಗಿಸಬಹುದೇ ಹೊರತು ಇಸುಬಿನ ತುರಿಕೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ.

ಒಮ್ಮೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಾಗಲಿ ನಿಮಗೆ ಹತ್ತಿರದ ಚರ್ಮತಜ್ಞರಲ್ಲಾಗಲಿ ತಂದೆ, ಮಗ ಇಬ್ಬರನ್ನೂ ತೋರಿಸಿ. ಮನೆಯಲ್ಲಿ ಉಳಿದವರಿಗೂ ರಾತ್ರಿ ತುರಿಕೆಯಿದ್ದು, ಬೆರಳ ಸಂದಿ, ಮಣಿಕಟ್ಟುಗಳಲ್ಲಿ ಗುಳ್ಳೆಗಳಿದ್ದರೆ ಅದು ಕಜ್ಜಿಯಾಗಿರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ, ಮನೆಮಂದಿಯೆಲ್ಲ ಒಟ್ಟಿಗೆ ಪಡೆಯಬೇಕು. ಇಸುಬಿನ ಮೇಲೆ ಹಳದಿ ಹಕ್ಕಳೆ ಕಟ್ಟಿ ನೀರು ಸೋರಿದರೆ ಸೋಂಕು ತಗುಲಿದೆಯೆಂದು ತಿಳಿಯಿರಿ. ಜ್ವರದೊಡನೆ ಒತ್ತೊತ್ತಾಗಿ ನೋವಿನ ನೀರ್ಗುಳ್ಳೆಗಳು ಎದ್ದರೆ ಅದು ಹರ್ಪಿಸ್ ಸೋಂಕಾಗಿರಬಹುದು, ಅಂದೇ ಆಸ್ಪತ್ರೆಗೆ ಹೊರಡಬೇಕು.

ಪ್ರಶ್ನೆ ಕೇಳಿದವರಿಂದ

ಅಕ್ಕಂದಿರಿಗೂ ಅಣ್ಣನವರಿಗೂ ಕೃತಜ್ಞತೆಗಳು. ಇಂದು ಸಂಜೆಯೇ ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ ಸ್ನಾನ ಮಾಡಿಸಿದೆ. ಸೋಮವಾರ ಶಿವಮೊಗ್ಗಕ್ಕೆ ಹೊರಡುತ್ತೇವೆ, ಅತ್ತೆಯವರೂ ಬರಲು ಒಪ್ಪಿದ್ದಾರೆ. ಒಂದು ಸಂದೇಹ ಉಳಿದಿದೆ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಬಚ್ಚಲ ಒಲೆಯ ಮೇಲ್ಗಡೆ ಹರವುತ್ತೇವೆ. ಜೆಲ್ಲಿ ಹತ್ತಿದ ಬಟ್ಟೆಯನ್ನೂ ಹಾಗೆ ಒಣಗಿಸಬಹುದೇ?

ಉತ್ತರ 3 ಬರೆದವರಿಂದ

ಖಂಡಿತ ಬೇಡ. ಜೆಲ್ಲಿ, ಪ್ಯಾರಾಫಿನ್ ಹೀರಿದ ಬಟ್ಟೆಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಮಗುವಿನ ಬಟ್ಟೆಯನ್ನು ಇನ್ನೊಂದು ಬಾರಿ ಹೆಚ್ಚಾಗಿ ಜಾಲಿಸಿ ಸೋಪು ತೆಗೆದು, ಗಾಳಿಯಾಡುವ ಜಗಲಿಯಲ್ಲಿ ಹರವಿ. ಜೆಲ್ಲಿ ಹಚ್ಚಿದ ಮೇಲೆ ಚಳಿ ಕಾಯಿಸಲೆಂದು ಮಗುವನ್ನು ಒಲೆಯ ಮುಂದೆ ಕೂರಿಸುವುದನ್ನೂ ಬಿಡಿ.