ಪದ ಬೇಕು: ‘ಮಾರಿದ ಜನ’ ಅಂದರೆ ಮಾರಿದವರೋ, ಮಾರಾಟವಾದವರೋ?

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿ ಹಡಗಿನಲ್ಲಿ ಸಾಗಿಸಿ ಮಾರಿದ ಆಫ್ರಿಕಾದವರನ್ನು ಕನ್ನಡದಲ್ಲಿ ಏನಂತ ಕರೆಯುವುದು ಅಂತ ಸೋಮವಾರ ಕೇಳಿದ್ದೆ. ಉತ್ತರ ತುಂಬಾ ಬಂದವು, ಪದ ಮಾತ್ರ ಸಿಗಲಿಲ್ಲ. ಮತ್ತೆ ಕೇಳುತ್ತಿದ್ದೇನೆ. ಚಿಂತಾಮಣಿ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಮಕ್ಕಳಿಗಾಗಿ ಗೋಡೆಗೆ ಚಿತ್ರ ಹಾಕುತ್ತಿದ್ದೇವೆ. ಶುಕ್ರವಾರ ಅದರ ಬೋರ್ಡ್ ಬರೆಯುವವರು ಬರುತ್ತಾರೆ.

ಚಿತ್ರ ಇಂಗ್ಲೆಂಡಿನ ಬ್ರಿಸ್ಟಲ್ ಊರಿನದು. 2020ರ ಜೂನ್ 7ರಂದು ಜನ ಎಡ್ವರ್ಡ್ ಕೋಲ್ಸ್ಟನ್ ಪ್ರತಿಮೆಗೆ ಹಗ್ಗ ಕಟ್ಟಿ ಕೆಡವಿ, ಬಂದರಿನ ನೀರಿಗೆ ನೂಕಿದರು. ಆಫ್ರಿಕಾದವರನ್ನು ಹಡಗಿನಲ್ಲಿ ಸಾಗಿಸಿ ಮಾರುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಅವನು ದೊಡ್ಡ ಸ್ಥಾನದಲ್ಲಿದ್ದ. 1895ರಲ್ಲಿ ಪ್ರತಿಮೆ ನಿಲ್ಲಿಸಿದವರು ಅವನನ್ನು ಸದ್ಗುಣಿ, ವಿವೇಕಿ ಅಂತ ಕೆತ್ತಿಸಿದರು. ಹಡಗಿನ ಮಾತೇ ಇಲ್ಲ.

ಆ ಹಡಗಿನಲ್ಲಿದ್ದವರನ್ನು ಏನಂತ ಬರೆಯಲಿ? ಬರೀ ‘ಗುಲಾಮರು’ ಅಂದರೆ ಹುಟ್ಟಿದ್ದೇ ಹಾಗೆ ಅನ್ನಿಸುತ್ತದೆ. ‘ಮಾರಲ್ಪಟ್ಟ’ ನಮ್ಮ ಮಕ್ಕಳ ಬಾಯಿಗೆ ಬರಲ್ಲ. ‘ಮಾರಾಟವಾದ ಜನ’ ಅಂದರೆ ಸಂತೇಲಿ ಟೊಮೆಟೊ ಮಾರಾಟವಾದ ಹಾಗೆ, ಮಾರಿದ ಕೈ ಕಾಣಲ್ಲ. ‘ಮಾರಿದ ಜನ’ ಎರಡೂ ಕಡೆ ವಾಲುತ್ತದೆ. ‘ಕಂಪನಿ ಮಾರಿದ ಜನ’ ಅಂದ ತಕ್ಷಣ ಗೊಂದಲ ಹೋಯಿತು, ಅಲ್ವಾ? ಮಾರಿದವರ ಹೆಸರು ಹಾಕದೆ ಕನ್ನಡದಲ್ಲಿ ಈ ಮಾತು ಸರಿಯಾಗಿ ನಿಲ್ಲುವುದೇ ಇಲ್ಲ.

‘ತೊತ್ತು’ ಅಚ್ಚಗನ್ನಡ, ಅದನ್ನೇ ಹಾಕಿ ಅಂದವರಿಗೆ: ಹಾಕಲ್ಲ. ಇವತ್ತು ಅದು ಬೈಗುಳ. ‘ಗುಲಾಮ’ ಅರಬ್ಬಿ ಮೂಲದ್ದು, ಹೊರಗಿನದು ಅಂತ ಬಿಡುವುದಾದರೆ ಅರಬ್ಬಿ, ಪಾರಸಿಯಿಂದ ಬಂದ ವಸೂಲಿ, ರಸೀದಿ, ಜಮೀನನ್ನೂ ಬಿಡಿ. ‘ದಾಸ’ ಅಂದರೆ ನಮಗೆ ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ.

‘ಜೀತದಾಳು’ ಅಂದವರಿಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ‘ಜೀವಿತ’ದಿಂದ ಬಂದ ಪದ ಇದು. ನಮ್ಮ ಮನೆಯ ತೆಲುಗಿನಲ್ಲಿ ಈಗಲೂ ಸಂಬಳಕ್ಕೆ ಜೀತಂ ಅಂತಲೇ ಹೇಳುತ್ತೇವೆ. ನನಗೆ ಕೆಲಸ ಸಿಕ್ಕಾಗ ಅಜ್ಜಿ ಕೇಳಿದ್ದು “ಜೀತಂ ಎಂತ?” ಅಂತ, ಅಂದರೆ ಸಂಬಳ ಎಷ್ಟು ಅಂತ. ಅದೇ ಅಜ್ಜಿ, ತನ್ನ ಅಪ್ಪ ಮಾಡಿದ ಸಾಲಕ್ಕೆ ನಮ್ಮಲ್ಲಿ ದುಡಿದವನ ಬಗ್ಗೆ “ಜೀತಕ್ಕಿದ್ದ, ಮನೆ ಮಗನ ಹಾಗಿದ್ದ” ಅನ್ನುತ್ತಿದ್ದರು. ಅವನ ತಟ್ಟೆ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿರುತ್ತಿತ್ತು. ನಮ್ಮ ತಟ್ಟೆಗಳ ಜೊತೆ ಅದು ಒಂದು ದಿನವೂ ಸೇರಲಿಲ್ಲ.

‘ಇದ್ದ’ ಅಂದರೆ ತಾನಾಗಿ ಬಂದು ಇದ್ದ ಹಾಗೆ. ನಾವು ಇಟ್ಟುಕೊಂಡಿದ್ದೆವು. 1976ರ ಕಾನೂನು ಜೀತವನ್ನೂ ಅದರ ಸಾಲವನ್ನೂ ರದ್ದು ಮಾಡಿತು, ನಮ್ಮ ಮನೆ ಮಾತು ಬದಲಾಗಲಿಲ್ಲ.

ಬ್ರಿಸ್ಟಲ್ ಚಿತ್ರಕ್ಕೆ ‘ಕಂಪನಿ ಹಿಡಿದು ತಂದು ಮಾರಿದ ಜನ’ ಅಂತ ಬರೆಯೋಣ ಅಂದರೆ, ಹಿಡಿದವರು ಬೇರೆ, ಕೊಂಡು ಸಾಗಿಸಿದ್ದು ಕಂಪನಿ. ‘ಕಂಪನಿ ಕೊಂಡು, ಗುಲಾಮರನ್ನಾಗಿ ಮಾರಿದ ಜನ’ ಅಂದರೆ ಸರಿಯೇ? ಪಕ್ಕದಲ್ಲಿ ಇನ್ನೊಂದು ಬೋರ್ಡ್ ಇಡುತ್ತಿದ್ದೇನೆ: ‘ನಮ್ಮೂರವರು ಜೀತಕ್ಕೆ ಇಟ್ಟುಕೊಂಡಿದ್ದ ಜನ’. ‘ಇಟ್ಟುಕೊಂಡಿದ್ದ’ಕ್ಕಿಂತ ಚಿಕ್ಕ ಪದ ಗೊತ್ತಿದ್ದರೆ ಗುರುವಾರ ಸಂಜೆಯೊಳಗೆ ಬರೆಯಿರಿ. ಒಂದೇ ಸಾಲಿಗೆ ಜಾಗ ಇದೆ.