ಸನ್ನದು ಬಂದ ಮೇಲೂ ವಕೀಲರ ಸಂಘಕ್ಕೆ ಸೇರಬೇಕೇ?

ಪ್ರಶ್ನೆ: ಮಾನ್ಯ ಹಿರಿಯರಿಗೆ ನಮಸ್ಕಾರ. ನಾನು ಯಾದಗಿರಿಯವಳು. ಇತ್ತೀಚೆಗೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾಗಿ ಸನ್ನದು (ವಕೀಲಿ ಮಾಡುವ ಪರವಾನಗಿ) ಪಡೆದಿದ್ದೇನೆ. ಈಗ ಯಾದಗಿರಿಯಲ್ಲಿ ಸೀನಿಯರ್ ಒಬ್ಬರ ಬಳಿ ಇದ್ದು, ಮುಂದೆ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿಯೂ ವಕಾಲತ್ತು ಹಾಕಬೇಕೆಂದಿದ್ದೇನೆ. ಸನ್ನದು ಇರುವಾಗ ವಕೀಲರ ಸಂಘಕ್ಕೂ ಸೇರಲೇಬೇಕೇ? ಸೇರುವುದಾದರೆ ಯಾವ ಊರಿನ ಸಂಘಕ್ಕೆ?

ಉತ್ತರ (ಕಲಬುರಗಿಯ ವಕೀಲರೊಬ್ಬರಿಂದ): ವಕೀಲಿ ಮಾಡುವ ಹಕ್ಕು ನಿಮಗೆ ಬಂದಿರುವುದು 1961ರ ವಕೀಲರ ಕಾಯ್ದೆಯಿಂದ, ಸಂಘದಿಂದಲ್ಲ. ಆದರೆ ಭಾರತೀಯ ವಕೀಲರ ಪರಿಷತ್ತು 2015ರಲ್ಲಿ ತಂದ ನಿಯಮಗಳ ಪ್ರಕಾರ, ಸಾಮಾನ್ಯವಾಗಿ ವೃತ್ತಿ ನಡೆಸುವ ಸ್ಥಳದ ಸಂಘದಲ್ಲಿ ವಕೀಲರು ಸದಸ್ಯರಾಗಬೇಕು. ಸೇರಲು ಇಚ್ಛೆಯಿಲ್ಲದವರು ಅದನ್ನು ರಾಜ್ಯ ಪರಿಷತ್ತಿಗೆ ತಿಳಿಸಿ, ಕಲ್ಯಾಣ ಯೋಜನೆಗಳ ಪ್ರಯೋಜನವನ್ನು ತಾವು ಹೇಗೆ ಪಡೆಯುವೆವೆಂಬುದನ್ನೂ ವಿವರಿಸಬೇಕು. ಆದ್ದರಿಂದ ಸೇರುವುದೇ ನೇರವಾದ ದಾರಿ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಇನ್ನೂ ಬರೆದಿಲ್ಲವಾದರೆ, ನೋಂದಣಿಯಾದ ಎರಡು ವರ್ಷಗಳೊಳಗೆ ಅದರಲ್ಲಿ ತೇರ್ಗಡೆಯಾಗಬೇಕೆಂಬುದನ್ನು ಮರೆಯಬೇಡಿ.

ಮೊದಲು ಯಾದಗಿರಿಯ ಸಂಘಕ್ಕೇ ಸೇರಿ. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠದಲ್ಲಿ ನಿಮ್ಮ ಕೆಲಸ ಹೆಚ್ಚಿದಾಗ ಇಲ್ಲಿಯ ಸದಸ್ಯತ್ವದ ಬಗ್ಗೆ ಯೋಚಿಸಬಹುದು. ಎರಡು ಕಡೆ ಸದಸ್ಯರಾದರೂ ಚುನಾವಣೆಯಲ್ಲಿ ಒಂದೇ ಕಡೆ ಮತ ಹಾಕುವುದು ಸರಿಯಾದ ನಡತೆ. ಸುಪ್ರೀಂ ಕೋರ್ಟಿನ ವಕೀಲರ ಸಂಘವು ಮಾಡಿಕೊಂಡಿದ್ದ ಇಂಥದೇ ನಿಯಮವನ್ನು ಆ ನ್ಯಾಯಾಲಯವು 2011ರಲ್ಲಿ ಎತ್ತಿಹಿಡಿದಿದೆ. ಅರ್ಜಿ, ಶುಲ್ಕ, ಸೂಚಕರ ಸಹಿ ಇವೆಲ್ಲ ಆಯಾ ಸಂಘದ ಬೈಲಾದಲ್ಲಿರುತ್ತವೆ. ಅದನ್ನು ಕೇಳಿ ಪಡೆದು ಓದಿ, ಕಟ್ಟಿದ ಹಣಕ್ಕೆ ರಸೀದಿ ತೆಗೆದುಕೊಳ್ಳಿ.

ನಿಯಮದ ಮಾತು ಅಷ್ಟೇ. ನಮ್ಮ ಭಾಗದಲ್ಲಿ ಸಂಘಕ್ಕೆ ಸೇರಬೇಕಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿದೆ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ ಇಲ್ಲಿಯ ಜಮೀನಿನ ದಾವೆಗಳಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳೂ ಖಾಸ್ರಾ ಪಹಣಿಯ (ಜಮೀನಿನ ಹಳೆಯ ದಾಖಲೆಯ) ನಕಲುಗಳೂ ಇಂದಿಗೂ ಸಾಕ್ಷ್ಯವಾಗಿ ಬರುತ್ತವೆ, ಮತ್ತು 1950ರ ಹೈದರಾಬಾದ್ ಗೇಣಿ ಕಾಯ್ದೆಯಡಿ ಹುಟ್ಟಿದ ಹಕ್ಕುಗಳ ಪ್ರಶ್ನೆ ಮೊಮ್ಮಕ್ಕಳ ವಾಟ್ನಿ (ಆಸ್ತಿ ಪಾಲಿನ) ದಾವೆಯಲ್ಲಿ ಎದ್ದು ನಿಲ್ಲುತ್ತದೆ. ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲ. ಉರ್ದು ಬರಹವನ್ನು ಓದಿ, ಆ ಕಾಲದ ಕಂದಾಯದ ಪದ್ಧತಿಯನ್ನು ಬಿಡಿಸಿ ಹೇಳಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ನನಗೆ ನಿಜವಾಗಿಯೂ ಆತಂಕದ ಸಂಗತಿ. ಅವರು ಇರುವಾಗಲೇ ಸಂಘದ ಬಾರ್ ರೂಮಿನಲ್ಲಿ (ವಕೀಲರು ಕೂರುವ ಕೋಣೆಯಲ್ಲಿ) ಅವರ ಪಕ್ಕದಲ್ಲಿ ಕುಳಿತು ಕೇಳಿಕೊಳ್ಳಿ.

ಮರುಪ್ರಶ್ನೆ: ವಂದನೆಗಳು ಸರ್. ಹಾಗೆ ಕೇಳುವಾಗ ಕಕ್ಷಿದಾರರ ವಿಷಯವನ್ನು ಎಷ್ಟರ ಮಟ್ಟಿಗೆ ಹೇಳಬಹುದು? ಸಂಘದವರು ಎಲ್ಲರೂ ವಕೀಲರೇ ಅಲ್ಲವೇ?

ಉತ್ತರ: ಎಲ್ಲರೂ ವಕೀಲರೇ, ಆದರೆ ನಿಮ್ಮ ಕಕ್ಷಿದಾರರು ವಕಾಲತ್ತು ಕೊಟ್ಟಿರುವುದು ನಿಮಗೆ. ಅವರು ವೃತ್ತಿಯ ನಿಮಿತ್ತ ನಿಮಗೆ ಹೇಳಿದ್ದನ್ನು ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆ ಹೇಳಬಾರದೆಂದು ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮು ವಿಧಿಸುತ್ತದೆ. ವಕಾಲತ್ತು ಮುಗಿದ ಮೇಲೂ ಆ ಬಾಧ್ಯತೆ ಮುಂದುವರಿಯುತ್ತದೆ. ಆದ್ದರಿಂದ ಕಾನೂನಿನ ಪ್ರಶ್ನೆಯನ್ನಷ್ಟೇ ಕೇಳಿ. ಹೆಸರು ಬಿಟ್ಟರೆ ಸಾಲದು. ಸುರಪುರ, ಶಹಾಪುರದಂಥ ಕಡೆ ಹಳ್ಳಿಯ ಹೆಸರು ಮತ್ತು ಸರ್ವೆ ನಂಬರ್ ಹೇಳಿದರೆ ಮನೆತನ ಯಾವುದೆಂದು ಕೇಳಿದವರಿಗೆ ತಿಳಿದುಬಿಡುತ್ತದೆ, ಎದುರು ಪಕ್ಷದ ವಕೀಲರೂ ಅದೇ ಕೋಣೆಯಲ್ಲಿ ಇರಬಹುದು. ಉರ್ದು ಕಾಗದವನ್ನು ಓದಿಸಲೇಬೇಕಾದಾಗ ಕಕ್ಷಿದಾರರಿಂದ ಲಿಖಿತ ಒಪ್ಪಿಗೆ ಪಡೆದು, ಒಬ್ಬ ಹಿರಿಯರಿಗೆ ಮಾತ್ರ, ಅವರು ಆ ದಾವೆಯಲ್ಲಿ ಎದುರು ಪಕ್ಷಕ್ಕೆ ವಕೀಲರಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ತೋರಿಸಿ.